ಗಂಡನ ಹೆಸರಿಗೆ ಕಟ್ಟಿದ ವೀಸಾ

ನೆಲಮಂಗಲದ ಕಡೆ ಮದುವೆ ಮಾತುಕತೆಯಲ್ಲಿ "ಹುಡುಗ ಅಮೆರಿಕದಲ್ಲಿದ್ದಾನೆ" ಅಂದ ತಕ್ಷಣ ಹಿರಿಯರು ಕೇಳೋದು ಮೂರೇ ಪ್ರಶ್ನೆ: ಸಂಬಳ ಎಷ್ಟು, ಸ್ವಂತ ಮನೆ ಇದೆಯಾ, ಗ್ರೀನ್ ಕಾರ್ಡ್ ಯಾವಾಗ? ಹುಡುಗಿ ಯಾವ ವೀಸಾದಲ್ಲಿ ಹೋಗ್ತಾಳೆ ಅಂತ ಯಾರೂ ಕೇಳಲ್ಲ. ಛತ್ರದಲ್ಲಿ ಧಾರೆ ಮುಗಿಯುತ್ತೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ಟಿಫಿಕೇಟ್ ಸಿಗುತ್ತೆ. ಅದನ್ನ ಹಿಡ್ಕೊಂಡು ಚೆನ್ನೈಗೆ ಹೋಗಿ ಸಂದರ್ಶನ ಕೊಟ್ಟು ಬಂದರೆ ಪಾಸ್‌ಪೋರ್ಟಿನಲ್ಲಿ ಎಚ್-4 ಅನ್ನೋ ಚೀಟಿ ಅಂಟಿರುತ್ತೆ. ಅದರ ಅರ್ಥ ಇಷ್ಟೇ: ನೀನು ಅವನ ಹೆಂಡತಿಯಾಗಿರುವವರೆಗೆ ಮಾತ್ರ ಇಲ್ಲಿರಬಹುದು.

ಹಾಗಾದರೆ ಮದುವೆ ಮುರಿದರೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದಿನ ಬೇರಿದೆ.

1907ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಪರದೇಶದವನನ್ನು ಮದುವೆಯಾದ ಅಮೆರಿಕನ್ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರ ಕೇಬಲ್ ಕಾಯ್ದೆ ಇದನ್ನು ಸಡಿಲಿಸಿತು. ಆದರೆ ಗಂಡ 'ಪೌರತ್ವಕ್ಕೆ ಅನರ್ಹ'ನಾಗಿದ್ದರೆ ಹಳೆಯ ಶಿಕ್ಷೆಯೇ ಉಳಿಯಿತು. ಭಾರತೀಯರು ಆ ಅನರ್ಹರ ಪಟ್ಟಿಯಲ್ಲೇ ಬರುತ್ತಾರೆ ಅಂತ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರನ್ನು ಮದುವೆಯಾದ ಮೇರಿ ಎಂಬ ಅಮೆರಿಕನ್ ಮಹಿಳೆ, ಹುಟ್ಟಿದ ದೇಶದಲ್ಲೇ ಪರಕೀಯರಾದರು. ಆ ಷರತ್ತು ಹೋಗಿದ್ದು 1931ರಲ್ಲಿ. ಆದರೆ ಹೆಂಡತಿಯ ಕಾಗದ ಗಂಡನ ಕಾಗದದ ಹಿಂದೆ ನಡೆಯಬೇಕು ಅನ್ನೋ ಯೋಚನೆ ಹೋಗಲಿಲ್ಲ.

1990ರ ಕಾಯ್ದೆಯಿಂದ ಎಚ್-1ಬಿ ಹುಟ್ಟಿತು. ವೈ2ಕೆ ಹೊತ್ತಿಗೆ ಬೆಂಗಳೂರಿನ ಎಂಜಿನಿಯರುಗಳು ವಿಮಾನ ತುಂಬ ಹೊರಟರು. ಜೊತೆಗೆ ಹೋದ ಹೆಂಡತಿಯರಲ್ಲಿ ಎಷ್ಟೋ ಜನ ತಾವೂ ಬಿಇ, ಎಂಸಿಎ ಮಾಡಿದವರು. ಎಚ್-4ನಲ್ಲಿ ಕೆಲಸ ಮಾಡೋ ಹಾಗಿರಲಿಲ್ಲ. 2015ರ ಮೇ 26ರಿಂದ ಕೆಲವರಿಗೆ ಪರವಾನಗಿ ಸಿಗತೊಡಗಿತು. ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ.

ಇನ್ನು ಬೇರೆಯಾಗುವ ವಿಷಯ. ಗಂಡ ಹೆಂಡತಿ ಬೇರೆ ಮನೆಯಲ್ಲಿದ್ದ ಮಾತ್ರಕ್ಕೆ ಎಚ್-4 ಹೋಗಲ್ಲ. ಡಿವೋರ್ಸಿನ ಅಂತಿಮ ತೀರ್ಪು ಬಂತು ಅಂದರೆ ಹೋಯಿತು. ಅದರ ಮೇಲೆ ನಿಂತಿದ್ದ ಕೆಲಸದ ಪರವಾನಗಿಯೂ ಹೋಯಿತು. ಗ್ರೀನ್ ಕಾರ್ಡ್ ಕೈಗೆ ಬರುವ ಮುಂಚೆ ಮದುವೆ ಮುರಿದರೆ, ಗಂಡನ ಜೊತೆ ವರ್ಷಗಟ್ಟಲೆ ನಿಂತ ಕ್ಯೂನಲ್ಲಿ ಅವಳಿಗೆ ಜಾಗವಿಲ್ಲ. ಹೆಂಡತಿಯ ವೀಸಾದಲ್ಲಿ ಹೋದ ಗಂಡಸರಿಗೂ ಇದೇ ನಿಯಮ.

ಇಲ್ಲೊಂದು ವಿಚಿತ್ರ ಇದೆ. 1975ರಲ್ಲಿ ತಿರುಪತಿಯಲ್ಲಿ ಹಿಂದೂ ಪದ್ಧತಿಯಲ್ಲಿ ಮದುವೆಯಾದ ಒಬ್ಬರು ಅಮೆರಿಕದ ಮಿಸ್ಸೌರಿ ಕೋರ್ಟಿನಿಂದ ಡಿವೋರ್ಸ್ ತಂದರು. ಆ ತೀರ್ಪು ಇಲ್ಲಿ ನಡೆಯಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಹೇಳಿತು. ಯಾವ ಕಾನೂನಿನಡಿ ಮದುವೆಯಾಯಿತೋ ಆ ಕಾನೂನು ಒಪ್ಪುವ ಕೋರ್ಟಿನಲ್ಲಿ, ಅದು ಒಪ್ಪುವ ಕಾರಣಕ್ಕೇ ಡಿವೋರ್ಸ್ ಆಗಬೇಕು. ಹೆಂಡತಿ ತಾನಾಗಿ ಒಪ್ಪಿ ಆ ಕೋರ್ಟಿಗೆ ಹೋಗಿದ್ದರೆ ಮಾತು ಬೇರೆ. ಹೆಣ್ಣಿಗೆ ರಕ್ಷಣೆ ಕೊಟ್ಟ ತೀರ್ಪು ಇದು, ಸರಿ. ಆದರೆ ವೀಸಾ ಕಚೇರಿ ನೋಡೋದು ಅಲ್ಲಿನ ಕೋರ್ಟಿನ ಕಾಗದವನ್ನ. ಹೀಗಾಗಿ ಒಬ್ಬಳೇ ಹೆಣ್ಣು ಅಲ್ಲಿ ಹೆಂಡತಿಯಲ್ಲ ಅಂತ ದೇಶ ಬಿಡಬೇಕು, ನೆಲಮಂಗಲಕ್ಕೆ ವಾಪಸ್ ಬಂದರೆ ಇಲ್ಲಿ ಇನ್ನೂ ಅವನ ಹೆಂಡತಿಯೇ. ಮತ್ತೆ ಮದುವೆಯಾಗಬೇಕು ಅಂದರೆ ಇಲ್ಲಿ ಮೊದಲಿಂದ ಕೇಸು ಹಾಕಬೇಕು.

ಕಾನೂನು ಮೆತ್ತಗಾದ ಕಡೆ ಅದು ತಾನಾಗಿ ಆಗಿದ್ದಲ್ಲ. ಬ್ರಿಟನ್ನಿನಲ್ಲಿ ಮೊದಲ ಒಂದು ವರ್ಷದೊಳಗೆ ಮದುವೆ ಮುರಿದರೆ ಗಡೀಪಾರಿನ ಭಯವಿತ್ತು; ಹೊಡೆತ ತಿಂದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್‌ನಂಥ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1999ರಲ್ಲಿ ದೌರ್ಜನ್ಯಕ್ಕೊಳಗಾದವರಿಗೆ ವಿನಾಯಿತಿ ಸಿಕ್ಕಿತು. ಅಮೆರಿಕದಲ್ಲಿ ದೌರ್ಜನ್ಯಕ್ಕೊಳಗಾದ ಎಚ್-4 ಹೆಂಡತಿಯರು ಕೆಲಸ ಮಾಡಬಹುದು ಅನ್ನೋ ಕಾನೂನಿಗೆ ಸಹಿ ಬಿದ್ದಿದ್ದು 2006ರ ಜನವರಿಯಲ್ಲಿ. ಅರ್ಜಿ ಹಾಕೋ ವ್ಯವಸ್ಥೆ ಬಂದಿದ್ದು 2017ರಲ್ಲಿ! ಅಷ್ಟು ವರ್ಷ ಆ ಹಕ್ಕು ಬರೀ ಕಾಗದದ ಮೇಲಿತ್ತು.

ಹಾಗಂತ ನಾವು ಬೀಗೋ ಹಾಗಿಲ್ಲ. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ನಾವು ಕೊಡೋ ಒಸಿಐ ಕಾರ್ಡನ್ನು ಡಿವೋರ್ಸ್ ಆದರೆ ರದ್ದು ಮಾಡಬಹುದು ಅಂತ 2015ರ ತಿದ್ದುಪಡಿಯಲ್ಲಿ ನಮ್ಮ ಪೌರತ್ವ ಕಾಯ್ದೆಗೂ ಸೇರಿಸಿಕೊಂಡಿದ್ದೇವೆ.

ಸಂಬಂಧ ಹಳಸುತ್ತಿದೆ ಅನ್ನಿಸಿದರೆ ಅಂತಿಮ ತೀರ್ಪಿಗೆ ಮುಂಚೆಯೇ ಸ್ವಂತ ದಾರಿ ನೋಡಿಕೊಳ್ಳಬೇಕು. ಓದಿನ ವೀಸಾಗೋ ಸ್ವಂತ ಎಚ್-1ಬಿಗೋ ಬದಲಾಯಿಸಿಕೊಳ್ಳಲು ಅವಕಾಶ ಇರೋದು ಎಚ್-4 ಜೀವಂತ ಇರುವಾಗ. ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಡಿಗ್ರಿ ಕಾಗದಗಳ ಪ್ರತಿ ತವರಲ್ಲೂ ಒಂದಿರಲಿ. ಬಿಟ್ಟುಹೋದ ಅನಿವಾಸಿ ಗಂಡನ ಮೇಲಿನ ದೂರುಗಳಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ವಿಭಾಗವಿದೆ.

ಮಾತುಕತೆಗೆ ಕೂತಾಗ ಆ ಮೂರು ಪ್ರಶ್ನೆಯ ಜೊತೆ ನಾಲ್ಕನೆಯದನ್ನೂ ಕೇಳಿಬಿಡಿ: "ನಮ್ಮ ಹುಡುಗಿ ಅಲ್ಲಿ ಯಾರ ಹೆಸರಿನ ಮೇಲೆ ಇರ್ತಾಳೆ?" ಅಪಶಕುನ ಅಂತ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ. ಸಂಬಳ ಕೇಳುವಾಗ ಇಲ್ಲದ ಸಂಕೋಚ ಇದಕ್ಕೆ ಯಾಕೆ?