ಬಿಟ್ಟಿ ಬಂದ ಸಿ.ಡಿ.

ಸರಕು ಒಳ್ಳೆಯದು, ಬೆಲೆ ಇಲ್ಲವೇ ಇಲ್ಲ, ಆದರೂ ಬೇಕೆನ್ನುವವರು ಕಡಿಮೆ ಎಂದರೆ ತಾವು ನಂಬುವಿರಾ? ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಕಾಲೇಜು ಹುಡುಗರ ಮುಂದೆ ಇಂಥ ಸರಕೊಂದು ಬಂದು ನಿಂತಿತ್ತು. ಅದರ ಹೆಸರು ಲಿನಕ್ಸ್.

ಕಂಪ್ಯೂಟರನ್ನು ಕೊಂಡು ತಂದರೆ ಸಾಲದಷ್ಟೆ. ಗುಂಡಿ ಒತ್ತಿದೊಡನೆ ಎಚ್ಚೆತ್ತು, ಕೀಲಿಮಣೆ, ತೆರೆ, ಮುದ್ರಣಯಂತ್ರ ಎಲ್ಲವನ್ನೂ ಹದ್ದುಬಸ್ತಿನಲ್ಲಿಡುವ ಮೂಲ ತಂತ್ರಾಂಶವೊಂದು ಅದರೊಳಗೆ ಇರಬೇಕು. ಆಪರೇಟಿಂಗ್ ಸಿಸ್ಟಂ ಎಂದು ಅದಕ್ಕೆ ಹೆಸರು. ಕಂಪ್ಯೂಟರ್ ಎಂದರೆ ವಿಂಡೋಸ್ ಎಂದೇ ಬಹುಮಂದಿ ತಿಳಿದಿದ್ದ ಕಾಲ ಅದು. ಲಿನಕ್ಸಿನ ತಿರುಳನ್ನು 1991ರಲ್ಲಿ ಬರೆದವನು ಹೆಲ್ಸಿಂಕಿ ವಿಶ್ವವಿದ್ಯಾಲಯದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯ ತಂತ್ರಾಂಶಗಳು ಅದರೊಡನೆ ಕೂಡಿಕೊಂಡವು. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ನೆರೆಯವನಿಗೆ ಕೊಡಬಹುದು ಎಂಬುದು ಅದರ ಕರಾರು. ವಿದ್ಯಾರ್ಥಿಯೇ ಹುಟ್ಟಿಸಿದ ಕೂಸು. ವಿದ್ಯಾರ್ಥಿಗಳನ್ನು ಒಲಿಸಿಕೊಳ್ಳುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ.

ಮೊದಲ ತೊಡಕು ಸಾಗಣೆಯದು. ಒಂದು ಸಿ.ಡಿ.ಯಲ್ಲಿ ಹಿಡಿಯುವುದು ಸುಮಾರು 650 ಮೆಗಾಬೈಟು. ದೂರವಾಣಿ ತಂತಿಗೆ ಜೋಡಿಸುತ್ತಿದ್ದ 56 ಕಿಲೋಬಿಟ್ಟಿನ ಮೋಡೆಮ್ ಪೂರ್ಣ ವೇಗದಲ್ಲಿ ಓಡಿದರೂ ಅಷ್ಟನ್ನು ಇಳಿಸಿಕೊಳ್ಳಲು 26 ಗಂಟೆ ಬೇಕು. ಪೂರ್ಣ ವೇಗವನ್ನು ಕಂಡವರಾರು! ನಡುವೆ ತಂತಿ ಕಡಿದರೆ ಪುನಃ ಮೊದಲಿನಿಂದ. ದೂರವಾಣಿಯ ಬಿಲ್ಲನ್ನು ಕಂಡ ತಂದೆಯ ಮುಖವನ್ನು ತಾವೇ ಊಹಿಸಿಕೊಳ್ಳಿ.

ಆದುದರಿಂದ ಲಿನಕ್ಸ್ ಬಂದದ್ದು ತಂತಿಯ ಮೇಲಲ್ಲ, ಬಸ್ಸಿನಲ್ಲಿ, ಅಂಚೆಯಲ್ಲಿ. 1996ರಲ್ಲಿ ಪಿ.ಸಿ. ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸಿನ ಸಿ.ಡಿ. ಕೊಡತೊಡಗಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2003ರಲ್ಲಿ ಲಿನಕ್ಸ್ ಫಾರ್ ಯು ಎಂಬ ಮಾಸಪತ್ರಿಕೆಯೇ ಹೊರಟಿತು. ಹಾಸನಕ್ಕೆ ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ನೇರ ರೈಲುದಾರಿ ಪೂರ್ತಿಯಾದದ್ದು 2017ರಲ್ಲಿ. ಅಲ್ಲಿಯವರೆಗೆ ನೇರ ದಾರಿಯೆಂದರೆ ಚನ್ನರಾಯಪಟ್ಟಣದ ಹೆದ್ದಾರಿಯೇ. ಒಬ್ಬ ಕೊಂಡ ಸಿ.ಡಿ.ಯನ್ನು ಹತ್ತು ಮಂದಿ ನಕಲು ಮಾಡಿಕೊಂಡರೂ ಕಳ್ಳತನವಲ್ಲ, ಕರಾರೇ ಹಾಗಿತ್ತು.

2004ರಲ್ಲಿ ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಹೊರಡಿಸಿದ ಉಬುಂಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಳಾಸ ಬರೆದು ಕೇಳಿದವರಿಗೆಲ್ಲ ಸಿ.ಡಿ.ಯನ್ನು ಅಂಚೆವೆಚ್ಚವಿಲ್ಲದೆ ಕಳಿಸುವ ಏರ್ಪಾಡು! ಅರಕಲಗೂಡಿಗೆ ರೈಲಿಲ್ಲ, ಆದರೆ ಅಂಚೆಯವನಿದ್ದಾನೆ. ಬೇಡಿಕೆ ಸಲ್ಲಿಸಿ ಕೆಲವು ವಾರಗಳ ಮೇಲೆ, ಮರೆತೇ ಹೋಗಿದ್ದಾಗ, ಪರದೇಶದ ಲಕೋಟೆ ಮನೆಯ ಜಗಲಿಗೆ ಬಂದು ಬಿದ್ದರೆ ಹುಡುಗನಿಗೆ ಆಗುವ ಹಿಗ್ಗು ಯಾವ ಜಾಹೀರಾತಿನಿಂದಲೂ ಹುಟ್ಟುವಂಥದಲ್ಲ.

ಹಾಗಾದರೆ ತೊಡಕೆಲ್ಲಿ? ಬಿಟ್ಟಿ ಎಂಬ ಮಾತು ಇಲ್ಲಿ ಮೋಡಿ ಮಾಡಲಿಲ್ಲ. ವಿಂಡೋಸಿನ ಕಳ್ಳಪ್ರತಿಯೂ ಬಿಟ್ಟಿಯೇ! ಯಂತ್ರದ ಜೊತೆಗೆ ಅದನ್ನು ಹಾಕಿಕೊಡುವುದು ದೇಶದ ಎಷ್ಟೋ ಅಂಗಡಿಗಳಲ್ಲಿ ರೂಢಿಯಾಗಿತ್ತು. ಲಿನಕ್ಸಿನ ಪರವಾಗಿ ಮಾತಾಡಿದವರು ಬೆಲೆಯನ್ನೇ ಎತ್ತಿ ಹೇಳಿ ಅರ್ಧ ಸೋತರೆಂದು ನನ್ನ ಎಣಿಕೆ. ಒಳಗೆ ಇಣುಕಿ ನೋಡಬಹುದು ಎಂಬುದನ್ನಲ್ಲವೆ ಕಲಿಯುವವನಿಗೆ ಮೊದಲು ಹೇಳಬೇಕಾದ್ದು?

ಒಳಗೆ ನೋಡುವ ಅವಕಾಶ ಕಾಲೇಜಿನಲ್ಲಿ ಇತ್ತು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಾಹುಬಲಿ ಎಂಜಿನಿಯರಿಂಗ್ ಕಾಲೇಜು 1997ರಲ್ಲಿ ಆರಂಭವಾಯಿತು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಪಾಠಪಟ್ಟಿಯಲ್ಲಿ ಯುನಿಕ್ಸ್ ಒಂದು ವಿಷಯ. ಅದರ ಅಭ್ಯಾಸಕ್ಕೆ ಲಿನಕ್ಸ್ ಸಾಕಾಗುತ್ತಿತ್ತು. ಹೊಳೆನರಸೀಪುರದಿಂದ ರೈಲು ಹತ್ತಿ ಹಾಸನಕ್ಕೆ ಬರುವ ಹುಡುಗನೊಬ್ಬನನ್ನು ನೆನೆದುಕೊಳ್ಳಿ. ಹಗಲು ಪ್ರಯೋಗಶಾಲೆಯಲ್ಲಿ ಕಪ್ಪು ತೆರೆಯ ಮೇಲೆ ಯುನಿಕ್ಸಿನ ಆಜ್ಞೆಗಳು; ಸಂಜೆ ಮನೆಯಲ್ಲಿ ವಿಂಡೋಸು. ಪರೀಕ್ಷೆ ಮುಗಿಯಿತು, ಲಿನಕ್ಸೂ ಮುಗಿಯಿತು.

ಧೈರ್ಯ ಮಾಡಿ ಮನೆಯ ಯಂತ್ರಕ್ಕೇ ಅದನ್ನು ಹಾಕಿದವನ ಪಾಡು ಬೇರೆ. ಅಗ್ಗದ ಒಳಮೋಡೆಮ್ಮುಗಳಲ್ಲಿ ಎಷ್ಟೋ ವಿಂಡೋಸಿಗೆಂದೇ ಮಾಡಿದವು. ಲಿನಕ್ಸಿನಲ್ಲಿ ತುಟಿ ಪಿಟಕ್ಕೆನ್ನವು. ಕನ್ನಡದ ಗತಿಯೂ ಹಾಗೆಯೇ. 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎರಡೂ ವಿಂಡೋಸಿಗಾಗಿ ಹುಟ್ಟಿದವು. ಸರಕಾರಿ ಕಚೇರಿಗಳು ಹಿಡಿದದ್ದು ನುಡಿಯನ್ನೇ. ಯೂನಿಕೋಡ್ ಕನ್ನಡವನ್ನು ಲಿನಕ್ಸಿನಲ್ಲಿ ಒತ್ತಕ್ಷರ ಕೆಡದಂತೆ ಮೂಡಿಸಲು ಸ್ವಯಂಸೇವಕರು ವರ್ಷಗಟ್ಟಲೆ ದುಡಿದರು. ಕೇದಗೆ, ಮಲ್ಲಿಗೆ ಎಂಬ ಮುಕ್ತ ಅಕ್ಷರವಿನ್ಯಾಸಗಳು ಬಂದವು. ಹೆಸರಾದರೂ ಎಷ್ಟು ಚೆಂದ ನೋಡಿ! ಆದರೆ ತಾಲ್ಲೂಕು ಕಚೇರಿಗೆ ನುಡಿಯಲ್ಲಿ ಅರ್ಜಿ ಬೆರಳಚ್ಚಿಸಿ ನಾಲ್ಕು ಕಾಸು ಕಾಣಬೇಕೆಂದಿದ್ದ ಹುಡುಗನಿಗೆ ಹೂವಿನ ಹೆಸರಿನಿಂದೇನು?

ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಸಮ್ಮೇಳನಗಳು ನಡೆದವು. 2010ರ ದಶಕದಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಕೆದಾರರ ಬಳಗಗಳನ್ನು ಕಟ್ಟಿದರು. ತಪ್ಪಿದಾಗ ಕೈಹಿಡಿದು ತೋರಿಸಲು ಪಕ್ಕದ ಬೆಂಚಿನವನೊಬ್ಬನಿದ್ದರೆ ಲಿನಕ್ಸ್ ಉಳಿಯುತ್ತಿತ್ತು. ಇಲ್ಲವಾದರೆ ಎರಡು ವಾರದಲ್ಲಿ ಅಳಿಸಿಹೋಗುತ್ತಿತ್ತು.

ಉಬುಂಟುವಿನ ಬಿಟ್ಟಿ ಲಕೋಟೆ 2011ರಲ್ಲಿ ನಿಂತಿತು. ಬೇಕಾದವರು ಅಂತರಜಾಲದಿಂದ ಇಳಿಸಿಕೊಳ್ಳಬಹುದೆಂಬ ಎಣಿಕೆ. ಆ ವೇಳೆಗೆ ಲಿನಕ್ಸಿನದೇ ತಿರುಳುಳ್ಳ ಆಂಡ್ರಾಯ್ಡ್ ಫೋನುಗಳು ಅಂಗಡಿಗೆ ಬಂದಾಗಿತ್ತು. ಡಬ್ಬಿಯ ಮೇಲೆ ಲಿನಕ್ಸ್ ಎಂದು ಬರೆದಿರಲಿಲ್ಲ, ಕೊಂಡವರು ಕೇಳಲೂ ಇಲ್ಲ.