ವೃತ್ತಿಶಿಕ್ಷಣ ಪ್ರವೇಶ: ಸೀಟಿನ ಆಯ್ಕೆ ಹಾಗೂ ಶುಲ್ಕ

ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳ ಸರ್ಕಾರಿ ಕೋಟಾ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ರ‍್ಯಾಂಕ್, ಮೀಸಲಾತಿ ಹಾಗೂ ಅಭ್ಯರ್ಥಿಯು ನಮೂದಿಸಿದ ಆಯ್ಕೆಗಳ ಆದ್ಯತಾ ಕ್ರಮವನ್ನು ಆಧರಿಸಿ ಹಂಚಿಕೆ ಮಾಡುತ್ತದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇರುತ್ತದೆ. ಸಂಬಂಧಪಟ್ಟ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ಪಡೆದಿಟ್ಟುಕೊಳ್ಳತಕ್ಕದ್ದು. ಉತ್ತಮ ರ‍್ಯಾಂಕ್ ಇದ್ದರೂ ಪ್ರಮಾಣಪತ್ರವಿಲ್ಲದೆ ಮೀಸಲಾತಿ ದೊರೆಯದು.

ಆಯ್ಕೆಗಳ ಕ್ರಮವನ್ನು ಹಗುರವಾಗಿ ಪರಿಗಣಿಸುವುದು ಸರಿಯಲ್ಲ. ಹಂಚಿಕೆಯಾದ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಭಾಗವಹಿಸುವ ಅಭ್ಯರ್ಥಿಗೆ ಪಟ್ಟಿಯಲ್ಲಿ ಮೇಲಿರುವ ಸೀಟು ದೊರೆತಲ್ಲಿ, ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ. ಆದುದರಿಂದ ಶುಲ್ಕ ಭರಿಸಲಾಗದ ಕಾಲೇಜನ್ನು, ಅದೆಷ್ಟೇ ಹೆಸರುವಾಸಿಯಾಗಿದ್ದರೂ, ಕೈಗೆಟುಕುವ ಕಾಲೇಜಿಗಿಂತ ಮೇಲೆ ನಮೂದಿಸಬಾರದು.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರದ ಪ್ರತಿಭಾವಂತರಿಗೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಪ್ರವೇಶ ಸಂಖ್ಯೆಗೆ ಹೆಚ್ಚುವರಿಯಾಗಿ ಶೇ. 5ರಷ್ಟು ಸೂಪರ್‌ನ್ಯೂಮರರಿ ಸೀಟುಗಳಿವೆ. ಇಲ್ಲಿ ವಿನಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ. ಇತರೆ ಶುಲ್ಕಗಳು, ಹಾಸ್ಟೆಲ್ ವೆಚ್ಚ ಪೋಷಕರದೇ. ಈ ಸೀಟು ಪಡೆದವರು ನಂತರ ಕಾಲೇಜನ್ನಾಗಲೀ ಕೋರ್ಸನ್ನಾಗಲೀ ಬದಲಾಯಿಸುವಂತಿಲ್ಲ ಎಂಬುದು ಅನೇಕರಿಗೆ ತಡವಾಗಿ ತಿಳಿಯುತ್ತದೆ.

ಉಳಿದ ವೆಚ್ಚಕ್ಕೆ ಬ್ಯಾಂಕ್ ಶಿಕ್ಷಣ ಸಾಲ ಪಡೆಯಬಹುದು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂ. ಒಳಗಿದ್ದಲ್ಲಿ, ಕೋರ್ಸಿನ ಅವಧಿ ಹಾಗೂ ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವು ನಿಯಮಾನುಸಾರ ಭರಿಸುತ್ತದೆ. ಅಸಲು ಮಾತ್ರ ವಿದ್ಯಾರ್ಥಿಯ ಹೊಣೆಯಾಗಿಯೇ ಉಳಿಯುತ್ತದೆ. ಸಾಲದ ಅರ್ಜಿಗಳನ್ನು ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದೆ.