ಕರೀ ಬುಡ, ಬೆಲ್ಲದ ಬಣ್ಣದ ಬುಡ (ಹಳೇ ಸಾಮಾನಿನ ಚರಿತ್ರೆ, ಭಾಗ 6)

ಫೋಟೋದಲ್ಲಿರೋ ಎರಡು ರೇಡಿಯೋ ವಾಲ್ವ್ ನೋಡಿ. ಒಂದರ ಬುಡ ಕಪ್ಪು, ಇನ್ನೊಂದರದ್ದು ಬೆಲ್ಲದ ಬಣ್ಣ. ಎರಡೂ ಬೇಕಲೈಟೇ! ವ್ಯತ್ಯಾಸ ಇರೋದು ಒಳಗೆ ಬೆರೆಸಿದ ಪುಡಿಯಲ್ಲಿ.

ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಲಿಯೋ ಬೇಕಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದ ಈ ಪ್ಲಾಸ್ಟಿಕ್ ಮಾಡಿದರು. ಬರೀ ರಾಳವನ್ನೇ ಅಚ್ಚು ಹಾಕಿದರೆ ಗಾಜಿನ ಹಾಗೆ ಒಡೆಯುತ್ತೆ. ಅದಕ್ಕೇ ಮರದ ಹಿಟ್ಟು ಬೆರೆಸ್ತಿದ್ರು. ಅಗ್ಗ, ಗಟ್ಟಿ. ಮನೆಯ ಸ್ವಿಚ್ಚು, ಬಲ್ಬ್ ಹೋಲ್ಡರಿಗೆ ಧಾರಾಳವಾಗಿ ಸಾಕು.

ತೊಂದರೆ ಶುರುವಾಗಿದ್ದು ಶಾರ್ಟ್‌ವೇವ್ ಬಂದಾಗ. 25 ಮೀಟರ್ ಬ್ಯಾಂಡ್ ಅಂದರೆ ವಿದ್ಯುತ್ತು ಸೆಕೆಂಡಿಗೆ ಸುಮಾರು 1 ಕೋಟಿ 20 ಲಕ್ಷ ಸಲ ಹಿಂದೆ ಮುಂದೆ ತೂಗುತ್ತೆ. ಮರದ ಹಿಟ್ಟು ಏನೇ ಆದ್ರೂ ಮರವೇ ಅಲ್ವಾ, ಗಾಳಿಯ ತೇವ ಹೀರುತ್ತೆ. ನೀರಿನ ಅಣುಗಳು, ಮರದ ನಾರಿನ ಅಣುಗಳು ಆ ಪ್ರತಿ ತೂಗಾಟಕ್ಕೂ ತಿರುಗೋಕೆ ಹೆಣಗಾಡಿ ಬಿಸಿಯಾಗ್ತವೆ. ಕರೆಂಟು ಸೋರದಿದ್ದರೂ ಸಿಗ್ನಲ್ಲಿನ ಶಕ್ತಿ ವಾಲ್ವಿನ ಬುಡದಲ್ಲೇ ಶಾಖವಾಗಿ ಕಳೆದುಹೋಗುತ್ತೆ. ಮಳೆಗಾಲದಲ್ಲಂತೂ ಇನ್ನೂ ಕಷ್ಟ.

ಮರ ತೆಗೆದು ಕಾಗೆಬಂಗಾರದ ಪುಡಿ, ಅಂದರೆ ಅಭ್ರಕ, ಹಾಕಿದರು. ಕಲ್ಲು ನೀರು ಕುಡಿಯಲ್ಲ: ಹೀಗೆ ಮಾಡಿದ ಬೇಕಲೈಟ್ ಹೀರೋ ತೇವ ಮರದ ಹಿಟ್ಟಿನದಕ್ಕಿಂತ ಹತ್ತು ಪಟ್ಟಾದರೂ ಕಡಿಮೆ. ಶಾಖವಾಗಿ ಹೋಗೋ ಶಕ್ತಿಯೂ ಕಡಿಮೆ. ಫೋಟೋದ ಬೆಲ್ಲದ ಬಣ್ಣದ ಬುಡ ಇದೇ. ಆದರೆ ಅಭ್ರಕದ ನುಣುಪು ಪದರಕ್ಕೆ ರಾಳ ಸರಿಯಾಗಿ ಅಂಟಲ್ಲ, ಪೆಟ್ಟು ತಗುಲಿದರೆ ಬೇಗ ಮುರಿಯುತ್ತೆ, ಅಚ್ಚು ಹಾಕೋದೂ ಕಷ್ಟ. ಹಾಗಾಗಿ ಬೇಕೇ ಬೇಕು ಅನ್ನೋ ಕಡೆ ಮಾತ್ರ ಬಳಸಿದರು.

ಇಷ್ಟನ್ನ ರೇಡಿಯೋ ಪುಸ್ತಕಗಳು ಹೇಳ್ತವೆ. ಅಭ್ರಕ ಬಿಡಿಸಿದ ಕೈಗಳ ಬಗ್ಗೆ ಕೇಳಿ, ಸುದ್ದಿಯೇ ಇಲ್ಲ. ಆ ಕಾಲದಲ್ಲಿ ಜಗತ್ತಿಗೆ ಅತಿ ಹೆಚ್ಚು ಹಾಳೆ ಅಭ್ರಕ ಹೋಗ್ತಿದ್ದದ್ದು ನಮ್ಮ ದೇಶದಿಂದ. ಈಗಿನ ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಸುತ್ತ ಹೆಂಗಸರು, ಮಕ್ಕಳು ಕೂತು ಕತ್ತಿಯಲ್ಲಿ ಪದರ ಪದರವಾಗಿ ಸೀಳ್ತಿದ್ರು. ಒಳ್ಳೇ ಹಾಳೆ ಕಪಾಸಿಟರಿಗೆ ಹೋಗ್ತಿತ್ತು. ಚೂರುಪಾರನ್ನ ಬೀಸಿ ಪುಡಿ ಮಾಡ್ತಿದ್ರು.

1980ರ ಅರಣ್ಯ ಕಾಯ್ದೆ ಆದ ಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಮುಚ್ಚಲಿಲ್ಲ. ಹಳೇ ಗುಂಡಿ, ಮಣ್ಣಿನ ರಾಶಿ ಕೆದಕಿ ಚೂರು ಆಯೋರು ಇವತ್ತಿಗೂ ಇದ್ದಾರೆ, ಅದರಲ್ಲಿ ಮಕ್ಕಳೂ ಇದ್ದಾರೆ. ಅಲ್ಲಿಯವರು ಆ ಚೂರಿಗೆ ಢಿಬ್ರಾ ಅಂತಾರೆ. ಈಗ ಅಭ್ರಕದ ಪುಡಿ ಪೇಂಟಿಗೆ, ಮೇಕಪ್ಪಿಗೆ ಹೋಗುತ್ತೆ, ಪ್ಲಾಸ್ಟಿಕ್ಕಿಗೂ ಹೋಗುತ್ತೆ.

ನಿಮ್ಮನೇ ಅಟ್ಟದಲ್ಲಿ ವಾಲ್ವ್ ರೇಡಿಯೋ ಇದ್ದರೆ ಹಿಂದಿನ ಮುಚ್ಚಳ ತೆಗೆದು ಬುಡದ ಬಣ್ಣ ನೋಡಿ ಹೇಳಿ. ಪ್ಲಗ್ ಕಿತ್ತಿಟ್ಟು, ಆಯ್ತಾ?

#ಹಳೇಸಾಮಾನು #ಬೇಕಲೈಟ್ #ಕಾಗೆಬಂಗಾರ